ಕಾರ್ಟ್ ಯಾರದ್ದಾದರೂ ಇರಲಿ, ಗಿರಾಕಿಗಳ ಪಟ್ಟಿ ನಿಮ್ಮದಿರಲಿ

ಮನೆಯಲ್ಲೇ ಮಾಡಿದ ಮಸಾಲ ಪುಡಿ, ಉಪ್ಪಿನಕಾಯಿ, ಹೊಲಿದ ಬುರ್ಖಾ, ಅತ್ತರ್ ಇವನ್ನೆಲ್ಲ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ ಮಾರುವವರು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. ಇವರಲ್ಲಿ ಹೆಣ್ಣುಮಕ್ಕಳೂ ಧಾರಾಳ ಇದ್ದಾರೆ. ದಿನಕ್ಕೆ ನಾಲ್ಕೈದು ಆರ್ಡರ್ ಇರುವ ತನಕ ಅಷ್ಟು ಸಾಕು. ಪೆರ್ನಾಲ್ ಹತ್ತಿರ ಬಂದು ಆರ್ಡರ್ ನಲವತ್ತು, ಐವತ್ತಕ್ಕೆ ಏರಿದಾಗ ಯಾರು ಹಣ ಹಾಕಿದ್ದಾರೆ, ಯಾರಿಗೆ ಪಾರ್ಸೆಲ್ ಹೋಯ್ತು, ಮಾಲು ಎಷ್ಟು ಉಳಿದಿದೆ ಅಂತ ಚಾಟ್ ಹುಡುಕುವುದೇ ಒಂದು ಕೆಲಸವಾಗುತ್ತದೆ. ಆಗ ಸ್ವಂತ ಆನ್‌ಲೈನ್ ಅಂಗಡಿಯ ಯೋಚನೆ ಬರುತ್ತದೆ. ಅದರ ಜೊತೆಗೇ ಬರುವ ಪ್ರಶ್ನೆ: ಯಾವ ಶಾಪಿಂಗ್ ಕಾರ್ಟ್ ಸಾಫ್ಟ್‌ವೇರ್ ತೆಗೆದುಕೊಳ್ಳುವುದು?

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ವಂತ ಮನೆಯ ಹಾಗೆ, ಇನ್ನೊಂದು ಬಾಡಿಗೆ ಕೋಣೆಯ ಹಾಗೆ.

ವೂಕಾಮರ್ಸ್, ಓಪನ್‌ಕಾರ್ಟ್, ಪ್ರೆಸ್ಟಾಶಾಪ್ ಮೊದಲ ಬಗೆಯವು. ಸಾಫ್ಟ್‌ವೇರ್ ಉಚಿತ. 2011ರಲ್ಲಿ ಬಂದ ವೂಕಾಮರ್ಸ್, ವರ್ಡ್‌ಪ್ರೆಸ್ ಸೈಟಿನೊಳಗೆ ಕೂರುವ ಪ್ಲಗಿನ್. ಆದರೆ 'ಉಚಿತ' ಎಂಬ ಮಾತಿಗೆ ಮರುಳಾಗಬೇಡಿ. ಹೋಸ್ಟಿಂಗ್, ಡೊಮೇನ್, ಬ್ಯಾಕಪ್ ನಿಮ್ಮ ತಲೆಗೇ. ಅಪ್‌ಡೇಟ್ ಮಾಡದೆ ಬಿಟ್ಟರೆ ಹ್ಯಾಕರ್‌ಗಳಿಗೆ ಬಾಗಿಲು ತೆರೆದಿಟ್ಟಂತೆ. ಇದನ್ನೆಲ್ಲ ನೋಡಿಕೊಳ್ಳಲು ಮನೆಯಲ್ಲಿ ತಿಳಿದವರು ಇದ್ದರೆ ಇದು ಒಳ್ಳೆಯ ದಾರಿ.

ಎರಡನೇ ಬಗೆಯಲ್ಲಿ ಕೆನಡಾದ ಶಾಪಿಫೈ, ನಮ್ಮ ದೇಶದ್ದೇ ಆದ ಝೋಹೊ ಕಾಮರ್ಸ್, ಇನ್‌ಸ್ಟಾಮೊಜೊ, ದುಕಾನ್ ಮುಂತಾದವು ಉಂಟು. ತಾಂತ್ರಿಕ ತಲೆನೋವು ಅವರದ್ದು, ಬಾಡಿಗೆ ನಿಮ್ಮದು. ಮೊಬೈಲ್‌ನಲ್ಲೇ ಅಂಗಡಿ ನಡೆಸುವವರಿಗೆ ಇದು ಸುಲಭ. ಬಾಡಿಗೆ ಕಟ್ಟುವುದು ನಿಲ್ಲಿಸಿದರೆ ಅಂಗಡಿಯೂ ಬಾಗಿಲು ಹಾಕುತ್ತದೆ.

ಬಾಡಿಗೆ ಒಂದನ್ನೇ ನೋಡಿದರೆ ಸಾಲದು, ಪ್ರತಿ ಮಾರಾಟದಲ್ಲಿ ಎಷ್ಟು ಕಡಿತವಾಗುತ್ತದೆ ಅಂತಲೂ ನೋಡಬೇಕು. ಒಂದು ಲೆಕ್ಕ ಹಾಕೋಣ. ತಿಂಗಳಿಗೆ 600 ರೂಪಾಯಿಯ 50 ಆರ್ಡರ್ ಬಂದರೆ 30,000 ರೂ. ವ್ಯಾಪಾರ. ಪೇಮೆಂಟ್ ಗೇಟ್‌ವೇ ಶೇ. 2 ಹಿಡಿದುಕೊಂಡರೆ 600 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 108 ರೂ. ಒಟ್ಟು 708 ಆಯ್ತು. ಶಾಪಿಫೈಯ ಸ್ವಂತ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲದ್ದರಿಂದ ಬೇರೆ ಗೇಟ್‌ವೇ ಬಳಸಲೇಬೇಕು. ಹಾಗೆ ಬಳಸಿದ್ದಕ್ಕೆ ಅದು ಪ್ರತ್ಯೇಕ ಶುಲ್ಕ ಹಾಕುತ್ತದೆ. ಬೇಸಿಕ್ ಪ್ಲಾನ್‌ನಲ್ಲಿ ಅದು ಶೇ. 2, ಅಂದರೆ ಮತ್ತೆ 600 ರೂ. ಯುಪಿಐ ಮೇಲಿನ ಎಂಡಿಆರ್ 2020ರ ಜನವರಿಯಿಂದ ಶೂನ್ಯವಾಗಿದ್ದರೂ ಗೇಟ್‌ವೇಗಳು ತಮ್ಮ ಸೇವೆಗೆಂದು ಹಣ ತೆಗೆದುಕೊಳ್ಳುವುದುಂಟು. ಕೇಳಿಯೇ ಮುಂದುವರಿಯಿರಿ.

ನಮ್ಮ ಭಾಗದವರಿಗೆ ಇನ್ನೊಂದು ಗಂಟು ಇದೆ, ಅದು ತಲಪಾಡಿ. ಗಡಿ ದಾಟಿದರೆ ಕೇರಳ. ಉಳ್ಳಾಲದಿಂದ ಮಂಜೇಶ್ವರದ ನೆಂಟರ ಮನೆಗೆ ಹೋಗಿ ಊಟ ಮಾಡಿ ಬರುವಷ್ಟೇ ದೂರವಾದರೂ, ಕಾನೂನಿನ ಕಣ್ಣಲ್ಲಿ ಆ ಪಾರ್ಸೆಲ್ ಅಂತರರಾಜ್ಯ ಮಾರಾಟ. ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷ ರೂ. ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು, ವಹಿವಾಟು ಎಷ್ಟೇ ಸಣ್ಣದಿದ್ದರೂ, ನೋಂದಣಿ ಮಾಡಿಸಬೇಕು. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ರಿಯಾಯಿತಿ. ಹಾಗಾಗಿ ನೋಂದಣಿ ಆಗುವ ತನಕ 'ಕರ್ನಾಟಕಕ್ಕೆ ಮಾತ್ರ' ಅಂತ ಕಟ್ಟು ಹಾಕುವ ಸೌಲಭ್ಯ ಕಾರ್ಟ್‌ನಲ್ಲಿ ಇರಬೇಕು. ಆದ ಮೇಲೆ ರಾಜ್ಯದೊಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಹೊರಗೆ ಐಜಿಎಸ್‌ಟಿ ಅಂತ ಬಿಲ್ ತಾನಾಗಿಯೇ ಬೇರೆ ಮಾಡಬೇಕು.

ಗಲ್ಫ್‌ನಲ್ಲಿರುವ ನಮ್ಮವರಿಗೆ ಮಾರುವ ಆಸೆ ಇದ್ದರೆ ಡಿಜಿಎಫ್‌ಟಿಯಿಂದ ಆಮದು-ರಫ್ತು ಕೋಡ್ ಪಡೆಯಬೇಕು. ವಿದೇಶಿ ಕಾರ್ಡ್ ಸ್ವೀಕರಿಸಲು ಗೇಟ್‌ವೇಯಲ್ಲಿ ಪ್ರತ್ಯೇಕ ಅನುಮತಿಯೂ ಬೇಕು. ತಿಂಡಿ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಆಗಿರಲಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು: ನಾಳೆ ಈ ಸಾಫ್ಟ್‌ವೇರ್ ಬಿಟ್ಟು ಹೊರಡಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. ದೊಡ್ಡ ಹೆಸರಿನ ಮೆಜೆಂಟೊವನ್ನು ಅಡೋಬಿ ಕಂಪೆನಿ 2018ರಲ್ಲಿ ಖರೀದಿಸಿತು. ಅದರ ಹಳೆಯ ಮೊದಲ ಆವೃತ್ತಿಗೆ 2020ರ ಜೂನ್‌ನಲ್ಲಿ ಬೆಂಬಲ ನಿಂತಿತು. ಆ ಆವೃತ್ತಿಯಲ್ಲೇ ಉಳಿದಿದ್ದ ವ್ಯಾಪಾರಿಗಳು ಅಂಗಡಿಯನ್ನು ಹೊಸದಾಗಿ ಕಟ್ಟಬೇಕಾಯಿತು, ಇಲ್ಲವೇ ಅಪಾಯ ಹೊತ್ತು ಮುಂದುವರಿಯಬೇಕಾಯಿತು. ದೊಡ್ಡವರು ದುಡ್ಡು ಕೊಟ್ಟು ಆ ಕೆಲಸ ಮಾಡಿಸಿಕೊಳ್ಳಬಹುದು. ಮಸಾಲ ಪುಡಿ ಮಾರುವ ನಮ್ಮ ತಂಗಿ ಏನು ಮಾಡಬೇಕು?

ಹಾಗಾಗಿ ಡೊಮೇನ್ ಹೆಸರನ್ನು ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಅಲ್ಲ, ನಿಮ್ಮ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿ. ಗಿರಾಕಿಗಳ, ಆರ್ಡರ್‌ಗಳ, ಸಾಮಾನುಗಳ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಲು ಆಗುತ್ತದೋ ಅಂತ ಉಚಿತ ಟ್ರಯಲ್ ಅವಧಿಯಲ್ಲೇ ಪರೀಕ್ಷಿಸಿ. ವೂಕಾಮರ್ಸ್, ಶಾಪಿಫೈ ಎರಡರಲ್ಲೂ ಈ ಅನುಕೂಲ ಉಂಟು. ಇಳಿಸಿಕೊಂಡ ಫೈಲಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಕಾಣುತ್ತದೋ ಅದನ್ನೂ ನೋಡಿ. ತಿಂಗಳಿಗೊಮ್ಮೆ ಒಂದು ಪ್ರತಿ ತೆಗೆದಿಡಿ. ಗಿರಾಕಿಗಳ ಕಾರ್ಡ್ ನಂಬರ್ ಮಾತ್ರ ಎಲ್ಲೂ ಬರೆದಿಡಬೇಡಿ. ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್‌ನಿಂದ ನಿಷೇಧಿಸಿದೆ.

ತುಳುವಿನ 'ಬ್ಯಾರ' ಅಂದರೆ ವ್ಯಾಪಾರ, ನಮ್ಮ ಹೆಸರು ಬಂದದ್ದೇ ಅದರಿಂದ ಎನ್ನುವವರಿದ್ದಾರೆ. ಅಂಗಡಿ ಕೋಣೆ ಬಾಡಿಗೆಯದ್ದಾದರೂ ಗಿರಾಕಿಗಳ ಹೆಸರು, ಬಾಕಿ ಲೆಕ್ಕ ಬರೆದ ಪುಸ್ತಕವನ್ನು ಹಿಂದಿನವರು ಕೋಣೆಯ ಯಜಮಾನನ ಕೈಗೆ ಕೊಡುತ್ತಿರಲಿಲ್ಲ. ಕಾರ್ಟ್ ಆರಿಸುವಾಗಲೂ ಅದೇ ಎಚ್ಚರ ಇರಲಿ. ವರ್ಷದ ಹಣ ಒಟ್ಟಿಗೆ ಕಟ್ಟುವ ಮೊದಲು ನಿಮ್ಮದೇ ಅಂಗಡಿಯಿಂದ ಮೊಬೈಲ್‌ನಲ್ಲಿ ಒಂದು ಆರ್ಡರ್ ಹಾಕಿ, ಹಣ ಕಟ್ಟಿ, ರದ್ದು ಮಾಡಿ, ಹಣ ವಾಪಸ್ ಬರುತ್ತದೋ ನೋಡಿ. ಆಮೇಲೆ ನಿರ್ಧರಿಸಿ.