ಸೈಕಲ್ಲಿನ ಆಯ್ಕೆ
(ಬಾನುಲಿ ಭಾಷಣ)

ಕನ್ನಡ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದವನೊಬ್ಬ ಸೈಕಲ್ಲಿನ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜವೇ. ಆದರೆ ಆ ಮೂವತ್ತು ವರ್ಷಗಳಲ್ಲಿ ಬಹುಪಾಲು ನಾನು ಕಾಲೇಜಿಗೆ ಹೋಗಿ ಬಂದದ್ದು ಸೈಕಲ್ಲಿನ ಮೇಲೆಯೇ. ಹಿಂದೊಂದು ಕ್ಯಾರಿಯರು, ಮುಂದೊಂದು ಗಂಟೆ, ಚೈನಿಗೊಂದು ಕವಚ ಇದ್ದ ಕಪ್ಪು ಬಣ್ಣದ ಸೈಕಲ್ಲು ಅದು. ಕಾಲೇಜಿಗೂ ಸಂತೆಗೂ ಹಿಟ್ಟಿನ ಗಿರಣಿಗೂ ಅದೊಂದೇ ಸಾಲುತ್ತಿತ್ತು. ಆಯ್ಕೆಯೆಂಬುದು ಇದ್ದರೆ ಅದು ಗಂಡಸರ ಸೈಕಲ್ಲೋ ಹೆಂಗಸರ ಸೈಕಲ್ಲೋ ಎಂಬಷ್ಟಕ್ಕೇ ಮುಗಿಯುತ್ತಿತ್ತು.

ಹೋದ ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಮನೆಗೆ ಬಂದವಳು, "ಮಾವ, ನಾನು ಟ್ರಯಥ್ಲಾನ್ ಬೈಕು ಕೊಳ್ಳಲೋ, ರೋಡ್ ಬೈಕು ಕೊಳ್ಳಲೋ?" ಎಂದು ಕೇಳಿದಳು. ನಮ್ಮಲ್ಲಿ ಬೈಕು ಎಂದರೆ ಮೋಟಾರು ಸೈಕಲ್ಲೇ ತಾನೆ? ನಾನು ಪೆಟ್ರೋಲಿನ ಬೆಲೆಯ ಮಾತೆತ್ತಿದೆ. ಅವಳು ನಕ್ಕು, ಎರಡೂ ಕಾಲಿನಿಂದ ತುಳಿಯುವ ಸೈಕಲ್ಲುಗಳೇ ಎಂದೂ, ಎರಡು ವರ್ಷ ಕೂಡಿಟ್ಟ ಹಣವನ್ನು ಅದಕ್ಕೆ ಹಾಕಲಿರುವೆನೆಂದೂ ತಿಳಿಸಿದಳು. ಒಳಗಿನಿಂದ ನನ್ನ ತಂಗಿ, "ಅಣ್ಣಾ, ಯಾವುದನ್ನಾದರೂ ಕೊಳ್ಳಲಿ. ಬೀಳದಂಥದು ಯಾವುದು ಅಂತ ನೀನೇ ಹೇಳು" ಎಂದಳು. ತಾಯಿಯದೊಂದು ಪ್ರಶ್ನೆ, ಮಗಳದೊಂದು. ಎರಡಕ್ಕೂ ಉತ್ತರ ಹುಡುಕುತ್ತ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಟ್ರಯಥ್ಲಾನ್ ಎಂದರೇನೆಂದು ನೋಡೋಣ. ಗ್ರೀಕರ 'ತ್ರಿ' ನಮ್ಮ 'ತ್ರಿ'ಯ ದಾಯಾದಿ. 'ಅಥ್ಲೋಸ್' ಎಂದರೆ ಸ್ಪರ್ಧೆ. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಒಂದೇ ಮೈ ಮಾಡಿ ಮುಗಿಸಬೇಕು. ಹೆಸರು ಪ್ರಾಚೀನವಾದರೂ ಕ್ರೀಡೆ ತೀರ ಈಚಿನದು. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ ಅಲ್ಲಿನ ಓಟಗಾರರ ಸಂಘವೊಂದು ಈ ಹೆಸರಿನ ಸ್ಪರ್ಧೆಯನ್ನು ನಡೆಸಿತು. ಅನಂತರ ಹವಾಯಿ ದ್ವೀಪದಲ್ಲಿ, ಈಜುಗಾರ, ಓಟಗಾರ, ಸೈಕಲ್ ಸವಾರ ಇವರಲ್ಲಿ ಯಾರ ದೇಹ ಹೆಚ್ಚು ಗಟ್ಟಿ ಎಂಬ ವಾದ ಹುಟ್ಟಿತು. ಅಲ್ಲಿದ್ದ ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಆ ವಾದವನ್ನು ತೀರಿಸಲು ಅಲ್ಲಿನ ಮೂರು ದೀರ್ಘ ಸ್ಪರ್ಧೆಗಳನ್ನು ಒಂದಾಗಿ ಹೊಸೆದರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ಲು, ಕೊನೆಗೆ 42.2 ಕಿಲೋಮೀಟರ್ ಓಟ. 1978ರ ಫೆಬ್ರವರಿಯಲ್ಲಿ ಹೊರಟವರು ಹದಿನೈದು ಮಂದಿ. ಮುಗಿಸಿದವರು ಹನ್ನೆರಡು ಮಂದಿ. ಇದಕ್ಕೇ 'ಐರನ್‌ಮ್ಯಾನ್' ಎಂದು ಹೆಸರು. ಇದರ ಸರಿಯಾಗಿ ಅರ್ಧ ದೂರದ ಸ್ಪರ್ಧೆಯೊಂದು 2019ರಲ್ಲಿ ನಮ್ಮ ನೆರೆಯ ಗೋವೆಗೂ ಬಂತು. ನನ್ನ ಸೋದರಸೊಸೆಯ ಕಣ್ಣಿದ್ದದ್ದು ಅದರ ಮೇಲೆ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್ಲು, 21.1 ಕಿಲೋಮೀಟರ್ ಓಟ.

ಆರಂಭದ ವರ್ಷಗಳಲ್ಲಿ ಈ ಸ್ಪರ್ಧೆಗೆಂದೇ ಮಾಡಿದ ಸೈಕಲ್ಲು ಇರಲಿಲ್ಲ. ಅದು ಏಕೆ ಹುಟ್ಟಿತೆಂಬುದನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಕಿಲ್ಲ. ಆಷಾಢದ ಗಾಳಿಗೆ ಎದುರಾಗಿ ಒಮ್ಮೆ ಸೈಕಲ್ಲು ತುಳಿದಿದ್ದರೆ ಸಾಕು. ಯಾರೂ ಹೇಳಿಕೊಡದೆಯೇ ಬೆನ್ನು ಬಾಗುತ್ತದೆ, ತಲೆ ತಗ್ಗುತ್ತದೆ, ಮೊಣಕೈ ಒಳಕ್ಕೆ ಸೇರುತ್ತದೆ. ಗಾಳಿ ಬೀಸದ ದಿನವೂ ವೇಗವಾಗಿ ಹೋಗುವವನು ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಕಾಲುಗಳು ಒದಗಿಸಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಾಗುವವನ ಶ್ರಮದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಗಾಳಿಗೇ ಸಂದಾಯ. ಆ ತಡೆಯಲ್ಲಿಯೂ ಹೆಚ್ಚಿನದು ಸೈಕಲ್ಲಿನದಲ್ಲ, ಸವಾರನ ಮೈಯದು. ಆದುದರಿಂದ ಸವಾರನನ್ನು ಎಷ್ಟು ಕಿರಿದಾಗಿ ಮಡಿಸಬಹುದೆಂಬುದೇ ಈ ಸೈಕಲ್ಲು ಮಾಡುವವರ ಮುಖ್ಯ ಚಿಂತೆಯಾಯಿತು.

ಇದಕ್ಕೆ ಅವರು ಕಂಡುಕೊಂಡ ಉಪಾಯಗಳು ಎರಡು. ಹ್ಯಾಂಡಲಿನ ನಡುವಿನಿಂದ ಮುಂದಕ್ಕೆ ಚಾಚಿದ ಎರಡು ಕೊಂಬುಗಳನ್ನಿಟ್ಟು, ಅವುಗಳ ಬುಡದಲ್ಲಿ ಮೊಣಕೈ ಊರಲು ಮೆತ್ತೆಯನ್ನಿಟ್ಟರು. ಸವಾರನು ಎರಡು ಮುಂಗೈಗಳನ್ನೂ ಜೋಡಿಸಿ ಮುಂದಕ್ಕೆ ಚಾಚಿ, ಬೆನ್ನನ್ನು ನೆಲಕ್ಕೆ ಸಮಾಂತರವಾಗಿಸಿ ಮಲಗಿದಂತೆ ಸಾಗುತ್ತಾನೆ. ಇದೊಂದು ಉಪಾಯ. ಆದರೆ ಬರಿಯ ಮುಂಭಾಗವನ್ನು ತಗ್ಗಿಸಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ; ಉಸಿರೂ ಕಾಲೂ ಕಟ್ಟಿಹಾಕಿದಂತಾಗುತ್ತವೆ. ಆದ್ದರಿಂದ ಸೀಟನ್ನು ಮುಂದಕ್ಕೆ ತಂದು ಹೆಚ್ಚುಕಡಿಮೆ ಪೆಡಲಿನ ಅಚ್ಚಿನ ನೆತ್ತಿಯ ಮೇಲೆಯೇ ನಿಲ್ಲಿಸಿದರು. ರೋಡ್ ಬೈಕಿನಲ್ಲಿ ಸೀಟನ್ನು ಹೊತ್ತ ಕೊಳವೆ ನೆಲದೊಡನೆ 73 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಹಿಂದಕ್ಕೆ ಒರಗಿದ್ದರೆ, ಇದರಲ್ಲಿ ಅದು 76ರಿಂದ 80 ಡಿಗ್ರಿಯವರೆಗೆ ನೆಟ್ಟಗಾಗುತ್ತದೆ. ಒಟ್ಟಿನಲ್ಲಿ ಸವಾರನ ಇಡೀ ಮೈಯನ್ನೇ ಅಚ್ಚಿನ ಸುತ್ತ ಮುಂದಕ್ಕೆ ಉರುಳಿಸಿದ ಹಾಗೆ. ಸೊಂಟದ ಕೋನ ಬಿಚ್ಚಿಕೊಳ್ಳುವುದರಿಂದ ಸೈಕಲ್ಲಿನಿಂದ ಇಳಿದು ಓಡುವಾಗ ಕಾಲು ಹಗುರವಾಗಿರುತ್ತದೆಂದು ಅನೇಕ ಸ್ಪರ್ಧಿಗಳು ಹೇಳುತ್ತಾರೆ. 1980ರ ದಶಕದ ಕೊನೆಯಲ್ಲಿ ಇಂಥ ಸೈಕಲ್ಲುಗಳು ಪೇಟೆಗೆ ಬಂದವು.

ಆ ಚಾಚಿದ ಕೊಂಬುಗಳ ಮಹಿಮೆ ಲೋಕಕ್ಕೆಲ್ಲ ತಿಳಿದದ್ದು 1989ರ ಜುಲೈನಲ್ಲಿ. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ 'ಟೂರ್ ದ ಫ್ರಾನ್ಸ್' ಸ್ಪರ್ಧೆಯ ಕೊನೆಯ ದಿನ, ವೆರ್ಸಾಯಿಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರು ಉಳಿದಿತ್ತು. ಒಬ್ಬೊಬ್ಬರೇ ಗಡಿಯಾರದೊಡನೆ ಸೆಣಸಬೇಕು. ಫ್ರಾನ್ಸಿನ ಲೋರಾನ್ ಫಿನ್ಯೋನ್ ಅಮೆರಿಕದ ಗ್ರೆಗ್ ಲೆಮಾಂಡನಿಗಿಂತ 50 ಸೆಕೆಂಡು ಮುಂದಿದ್ದ. ಲೆಮಾಂಡ್ ಟ್ರಯಥ್ಲಾನ್ ಸ್ಪರ್ಧಿಗಳಿಗೆ ಬಳಕೆಯಾಗಿದ್ದ ಆ ಕೊಂಬುಗಳನ್ನು ಹಿಡಿದು ಹೊರಟ. ಫಿನ್ಯೋನ್ ಸಾಮಾನ್ಯ ಹ್ಯಾಂಡಲನ್ನೇ ಹಿಡಿದು, ಶಿರಸ್ತ್ರಾಣವೂ ಇಲ್ಲದೆ, ಜುಟ್ಟನ್ನು ಗಾಳಿಗೆ ಬಿಟ್ಟು ತುಳಿದ. ಲೆಮಾಂಡ್ 8 ಸೆಕೆಂಡುಗಳಿಂದ ಇಡೀ ಸ್ಪರ್ಧೆಯನ್ನೇ ಗೆದ್ದ. ಫಿನ್ಯೋನನಿಗೆ ಆಗ ಸೀಟಿನ ಹುಣ್ಣಿನ ಬಾಧೆಯೂ ಇದ್ದುದರಿಂದ ಸೋಲಿಗೆಲ್ಲ ಹ್ಯಾಂಡಲೇ ಕಾರಣವೆನ್ನುವುದು ನ್ಯಾಯವಾಗಲಾರದು. ಆದರೂ ಆ ಎಂಟು ಸೆಕೆಂಡುಗಳ ಮೇಲೆ, ಒಂಟಿಯಾಗಿ ಗಡಿಯಾರದೊಡನೆ ಸೆಣಸುವ ದಿನ ಬರಿಗೈಯ ಹ್ಯಾಂಡಲು ಹಿಡಿದು ಹೊರಡುವವರು ವಿರಳವಾದರು.

ಇಷ್ಟನ್ನು ಕೇಳಿದರೆ ಆಯ್ಕೆ ಮುಗಿಯಿತೆಂದೇ ತೋರುತ್ತದೆ. ಆದರೆ ರೋಡ್ ಬೈಕಿನ ಮಾತನ್ನೂ ಕೇಳಬೇಕಲ್ಲವೆ? ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡ ಅದರ ಹ್ಯಾಂಡಲನ್ನು ಮೂರು ನಾಲ್ಕು ರೀತಿಯಲ್ಲಿ ಹಿಡಿಯಬಹುದು. ಏರಿನಲ್ಲಿ ಮೇಲುಭಾಗ, ಎದುರುಗಾಳಿಯಲ್ಲಿ ಕೆಳಭಾಗ, ಉಳಿದ ಹೊತ್ತಿನಲ್ಲಿ ಬ್ರೇಕಿನ ತಲೆ. ಇದಕ್ಕಿಂತ ಮುಖ್ಯವಾದುದೆಂದರೆ, ಈ ಹಿಡಿತಗಳಲ್ಲಿ ಹೆಚ್ಚಿನವುಗಳಲ್ಲಿ ಬ್ರೇಕು ಬೆರಳ ತುದಿಯಲ್ಲೇ ಇರುತ್ತದೆ. ಟ್ರಯಥ್ಲಾನ್ ಬೈಕಿನಲ್ಲಿ ಹಾಗಲ್ಲ. ಮುಂದೆ ಚಾಚಿದ ಕೊಂಬಿನ ತುದಿಯಲ್ಲಿ ಗೇರು ಬದಲಿಸುವ ಗುಂಡಿಯಿರುತ್ತದೆ. ಬ್ರೇಕು ಇರುವುದು ಅಗಲವಾದ ಕೆಳಗಿನ ಹ್ಯಾಂಡಲಿನಲ್ಲಿ. ಮಲಗಿದ ಸವಾರನು ಎದ್ದು, ಕೈ ಹಿಂದಕ್ಕೆ ತಂದು ಬ್ರೇಕು ಹಿಡಿಯಬೇಕು. ಮೈಯ ಭಾರವೆಲ್ಲ ಮುಂದಿನ ಚಕ್ರದ ಮೇಲಿರುವುದರಿಂದ ತಿರುವಿನಲ್ಲಿ ಸೈಕಲ್ಲು ಹೇಳಿದ ಮಾತನ್ನು ತಟ್ಟನೆ ಕೇಳುವುದಿಲ್ಲ. ಅಡ್ಡಗಾಳಿ ಬೀಸಿದರೆ ಅಗಲ ಅಂಚಿನ ಚಕ್ರಗಳು ಹಾಯಿಯಂತೆ ಗಾಳಿಯನ್ನು ಹಿಡಿಯುತ್ತವೆ. ಕಡಿದಾದ ಏರಿನಲ್ಲಿ ವೇಗವೇ ಕಡಿಮೆಯಾದ್ದರಿಂದ ಗಾಳಿಯನ್ನು ಸೀಳುವ ಜಾಣತನ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ತುಸು ಹೆಚ್ಚೇ ಇರುವ ತೂಕ ಮಾತ್ರ ಉಳಿಯುತ್ತದೆ.

ಬ್ರೇಕಿನ ವಿಷಯದಲ್ಲಿ ನನಗೆ ಸ್ವಾನುಭವವೂ ಉಂಟು. ವಿದ್ಯಾರ್ಥಿಯಾಗಿದ್ದಾಗ ಒಂದು ಸಂಜೆ, ಗಾಳಿ ಎದುರಾಯಿತೆಂದು ಎರಡೂ ಮೊಣಕೈಗಳನ್ನು ಹ್ಯಾಂಡಲಿನ ಮೇಲೆ ಊರಿ, ಗದ್ದವನ್ನು ಗಂಟೆಗೆ ತಾಗಿಸಿ ಶೂರನಂತೆ ಹೊರಟೆ. ವೇಗ ಬಂದದ್ದು ನಿಜ. ಎಮ್ಮೆಯೊಂದು ತನ್ನ ಸಹಜ ಗಾಂಭೀರ್ಯದಿಂದ ರಸ್ತೆಗೆ ಬಂದದ್ದೂ ನಿಜ. ಬ್ರೇಕಿಗಾಗಿ ಕೈ ಹುಡುಕಾಡುವಷ್ಟರಲ್ಲಿ ನಾನು ಚರಂಡಿಯಲ್ಲಿದ್ದೆ. ಮೇಲ್ದವಡೆಯ ಒಂದು ಹಲ್ಲು ಅಂದಿನಿಂದ ಅರ್ಧವೇ ಉಳಿದಿದೆ. ನನ್ನ ತಂಗಿಗೆ ಅದು ಚೆನ್ನಾಗಿ ನೆನಪಿತ್ತು. ಅವಳ ಪ್ರಶ್ನೆಯ ಹಿಂದೆ ಇದ್ದದ್ದೂ ಆ ಹಲ್ಲೇ. ಸ್ಪರ್ಧೆಯ ದಿನ ರಸ್ತೆಯನ್ನು ತೆರವು ಮಾಡಿ ಕೊಡುತ್ತಾರೆ. ಆದರೆ ಸ್ಪರ್ಧೆ ಒಂದು ದಿನದ್ದು. ಅಭ್ಯಾಸ ಮುನ್ನೂರು ದಿನದ್ದು. ಆ ಮುನ್ನೂರು ದಿನವೂ ರಸ್ತೆಯಲ್ಲಿ ಬಸ್ಸು, ನಾಯಿ, ಉಬ್ಬು, ಗುಂಡಿ ಎಲ್ಲವೂ ಇರುತ್ತವೆ.

ಇನ್ನು ನಿಯಮದ ಮಾತು. ಮುಂದೆ ಹೋಗುವವನ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಅವನು ಗಾಳಿಯನ್ನು ಸೀಳಿಕೊಡುತ್ತಾನೆ. ಹಿಂದಿನವನಿಗೆ ಶ್ರಮದಲ್ಲಿ ನಾಲ್ಕರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಉಳಿತಾಯ. ಐರನ್‌ಮ್ಯಾನ್ ಬಗೆಯ ಸ್ಪರ್ಧೆಗಳಲ್ಲಿ ಇದು ನಿಷಿದ್ಧ. ಹವ್ಯಾಸಿಗಳ ನಡುವೆ ಸುಮಾರು 12 ಮೀಟರಿನ ಅಂತರವಿರಬೇಕು. ಪ್ರತಿಯೊಬ್ಬರೂ ತಮ್ಮ ಗಾಳಿಯನ್ನು ತಾವೇ ಎದುರಿಸಬೇಕು. ಅಲ್ಲಿ ಟ್ರಯಥ್ಲಾನ್ ಬೈಕಿಗೆ ಅರ್ಥವಿದೆ. ಆದರೆ 2000ದ ಸಿಡ್ನಿ ಕ್ರೀಡಾಕೂಟದಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಒಲಿಂಪಿಕ್ಸನ್ನು ಪ್ರವೇಶಿಸಿದಾಗ, ಗುಂಪಾಗಿ ಸಾಗಲು ಅಲ್ಲಿ ಅನುಮತಿಯಿತ್ತು. ಗುಂಪಿನಲ್ಲಿ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಸಾಗುವವರ ಕೈ ಬ್ರೇಕಿನಿಂದ ದೂರವಿದ್ದರೆ ಅನಾಹುತವಾದೀತೆಂದು ಅಂಥ ಸ್ಪರ್ಧೆಗಳಿಗೆ ರೋಡ್ ಬೈಕಿನ ಹ್ಯಾಂಡಲನ್ನೇ ವಿಧಿಸಿದ್ದಾರೆ. ಟ್ರಯಥ್ಲಾನಿನ ಅತಿ ದೊಡ್ಡ ವೇದಿಕೆಯಲ್ಲಿ ಟ್ರಯಥ್ಲಾನ್ ಬೈಕಿಗೇ ಪ್ರವೇಶವಿಲ್ಲವೆಂಬುದು ಸ್ವಾರಸ್ಯದ ಸಂಗತಿ. ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ನಮ್ಮ ಸೈಕಲ್ ಪಟುಗಳು ಹೋಗಿ ಸ್ಪರ್ಧಿಸುವ ಗುಂಪು ಸ್ಪರ್ಧೆಗಳಲ್ಲಿಯೂ ಅದಕ್ಕೆ ಜಾಗವಿಲ್ಲ.

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿಯೇ ಔಚಿತ್ಯವು ಕಾವ್ಯದ ಜೀವವೆಂದು ವಾದಿಸಿದನು. ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರು ನಗೆಗೀಡಾಗುತ್ತಾರೆಂಬುದು ಅವನು ಕೊಡುವ ನಿದರ್ಶನದ ತಾತ್ಪರ್ಯ. ಡಾಬಿನಲ್ಲಿಯೂ ದೋಷವಿಲ್ಲ, ಹಾರದಲ್ಲಿಯೂ ಇಲ್ಲ. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ಈ ಪಾಠ ಸೈಕಲ್ಲಿನ ಅಂಗಡಿಯಲ್ಲಿ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಎರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ದಾರಿ, ಯಾವ ನಿಯಮ, ಯಾವ ಮೈ, ವರ್ಷದಲ್ಲಿ ಎಷ್ಟು ದಿನ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ನಾನು ಅವಳನ್ನು ಇವನ್ನೇ ಕೇಳಿದೆ. ವರ್ಷಕ್ಕೆ ಒಂದು ಸ್ಪರ್ಧೆ, ಅದು ಗೋವೆಯದು. ಉಳಿದ ಭಾನುವಾರಗಳಲ್ಲಿ ನಸುಕಿಗೆ ಎದ್ದು ಗೆಳತಿಯರ ಗುಂಪಿನೊಡನೆ ನಂದಿಬೆಟ್ಟ. ಮೇಲೇರುವಾಗ ಕಡಿದಾದ ಏರು, ಇಳಿಯುವಾಗ ತಿರುವಿನ ಮೇಲೆ ತಿರುವು. ಮೊಣಕೈಯೂರಿ ಬಾಗಿದ ಭಂಗಿಯಲ್ಲಿ ಮೂರು ಗಂಟೆ ಇರಬಲ್ಲೆಯಾ ಎಂದಾಗ, ಯಾರದೋ ಸೈಕಲ್ಲಿನಲ್ಲಿ ಹತ್ತು ನಿಮಿಷ ಇದ್ದು ನೋಡಿದ್ದೆ, ಸೊಂಟ ಹಿಡಿದುಕೊಂಡಿತ್ತು ಎಂದಳು. ಆ ಭಂಗಿಯಲ್ಲಿ ಇರಲಾರದೆ ಮತ್ತೆ ಮತ್ತೆ ಎದ್ದು ಕೂರುವವರಿಗೆ ಆ ಸೈಕಲ್ಲು ಕೊಡುವ ಲಾಭವೆಲ್ಲ ಗಾಳಿಗೇ ಹೋಗುತ್ತದೆ. ಆದ್ದರಿಂದ ಈಗ ರೋಡ್ ಬೈಕನ್ನೇ ಕೊಳ್ಳು ಎಂದೆ. ಬಿಡಿಯಾಗಿ ಸಿಗುವ ಕೊಂಬುಗಳನ್ನು ಬಲ್ಲವರಿಂದ ಅದರ ಹ್ಯಾಂಡಲಿಗೆ ಬಿಗಿಸಿಕೊಂಡು, ಅವುಗಳಿಗೆ ತಕ್ಕಂತೆ ಸೀಟನ್ನು ಸರಿಪಡಿಸಿಕೊಂಡು, ಖಾಲಿ ದಾರಿಯಲ್ಲಿ ರೂಢಿ ಮಾಡಿಕೊ. ನಂದಿಗೆ ಹೋಗುವಾಗ ಬಿಚ್ಚಿಡು. ಎರಡು ಮೂರು ವರ್ಷದ ಮೇಲೂ ನಿನ್ನ ಮನಸ್ಸು ಆ ದೀರ್ಘ ಸ್ಪರ್ಧೆಯಲ್ಲೇ ನಿಂತಿದ್ದರೆ ಆಗ ಇನ್ನೊಂದರ ಯೋಚನೆ ಮಾಡು ಎಂದೆ. ಯಾವುದನ್ನು ಕೊಂಡರೂ ಬಣ್ಣ ನೋಡಿ ಕೊಳ್ಳಬೇಡ, ನಿನ್ನ ಕಾಲಿನ, ಕೈಯ, ಬೆನ್ನಿನ ಅಳತೆ ಕೊಟ್ಟು ಕೊಳ್ಳು ಎಂದು ಸೇರಿಸಿದೆ. ಅಳತೆ ತಪ್ಪಿದ ಸೈಕಲ್ಲು ಎಷ್ಟು ಬೆಲೆಯದಾದರೂ ಮಂಡಿಗೆ ಶತ್ರು.

ಹಾಗೆಯೇ ಮಾಡಿದಳು. ಗೋವೆಯಲ್ಲಿ ನಿಗದಿಯಾದ ಸಮಯದೊಳಗೆ ಮುಗಿಸಿ ಬಂದಳು. ಸಮತಟ್ಟಿನಲ್ಲಿ ಕೊಂಬಿನ ಸೈಕಲ್ಲಿನವರು ಒಬ್ಬರ ಮೇಲೊಬ್ಬರು ತನ್ನನ್ನು ದಾಟಿಹೋದರೆಂದು ತುಸು ಬೇಸರದಿಂದಲೇ ಹೇಳಿದಳು. ನನ್ನ ಮಾತಿನಿಂದ ಅವಳಿಗೆ ಕೆಲವು ನಿಮಿಷಗಳು ನಷ್ಟವಾಗಿರಬೇಕು. ಅದನ್ನು ನಾನು ಅಲ್ಲಗಳೆಯಲಾರೆ. ಮರುವಾರದ ಭಾನುವಾರ ಅದೇ ಸೈಕಲ್ಲಿನಲ್ಲಿ ನಂದಿಗೆ ಹೋಗಿದ್ದಳಂತೆ. ಇಳಿಯುವಾಗ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಿತಂತೆ, ನಿಲ್ಲಿಸಿದಳಂತೆ. ಅವಳಿಗೆ ಅದೊಂದು ಸಂಗತಿಯೇ ಅಲ್ಲ, ಮಾತಿನ ನಡುವೆ ಹೇಳಿ ಮುಂದೆ ಹೋದಳು. ನನ್ನ ತಂಗಿ ಮಾತ್ರ ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.