ಉಡಿಕೆಯ ತಾಯಿ ಮತ್ತು ಮಗುವಿನ ಸುಪರ್ದು

ಉತ್ತರ ಕರ್ನಾಟಕದಲ್ಲಿ ಸ್ತ್ರೀಯ ಮರುವಿವಾಹವನ್ನು ‘ಉಡಿಕೆ’ ಎನ್ನುವರು. ಮರಾಠಿಯಲ್ಲಿ ಅದು ‘ಪಾಟ್’. ಹೆಸರೆರಡಾದರೂ ತಾಯಿಯ ಅಳುಕು ಒಂದೇ: ಮಗು ಕೈತಪ್ಪೀತು. 1856ರ ವಿಧವಾ ಪುನರ್ವಿವಾಹ ಕಾಯಿದೆಯ ಮೂರನೆಯ ಕಲಮೇ, ಮರುಮದುವೆಯಾದವಳ ಮಕ್ಕಳಿಗೆ ಬೇರೆ ಪಾಲಕರನ್ನು ಕೋರಲು ಗತಿಸಿದ ಗಂಡನ ತಂದೆತಾಯಿಗಳಿಗೆ ಅವಕಾಶವಿತ್ತಿತ್ತು. ಆ ಕಾಯಿದೆ 1983ರಲ್ಲಿ ರದ್ದಾಯಿತು.

ವಿಚ್ಛೇದಿತರಲ್ಲಿ ಇಂದು ಮಗುವಿನ ಹಿತವೇ ಮುಖ್ಯ. ತಾಯಿಯ ಮರುಮದುವೆಯೊಂದೇ ಸುಪರ್ದು ನಿರಾಕರಿಸಲು ಕಾರಣವಾಗದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಆದರೆ ಮಲತಂದೆ, ಮಲತಾಯಿ ಸಹಜ ಪಾಲಕರೆನಿಸರೆಂಬುದು 1956ರ ಪಾಲಕತ್ವ ಕಾಯಿದೆಯ ವಿವರಣೆ. ಮಲತಾಯಿಯ ಕಥೆಗಳನ್ನು ಬಲ್ಲ ನಮಗೆ ಈ ಎಚ್ಚರ ಅಪರಿಚಿತವಲ್ಲ. ಸುಪರ್ದಿನ ಆದೇಶವನ್ನು ಮುಂದೆ ಮಾರ್ಪಡಿಸಲೂಬಹುದು. ಧಾರವಾಡದವಳು ಮರುಮದುವೆಯಾಗಿ ಮಗುವಿನೊಡನೆ ನಾಗಪುರದಲ್ಲಿ ನೆಲೆಸಿದರೆ, 1890ರ ಕಾಯಿದೆಯಂತೆ ಪಾಲಕತ್ವದ ಅರ್ಜಿಯನ್ನು ನಾಗಪುರದಲ್ಲೇ ಸಲ್ಲಿಸಬೇಕು. ಮಗುವಿನ ವಾಡಿಕೆಯ ವಾಸಸ್ಥಳವೇ ಅಲ್ಲಿ ನಿರ್ಣಾಯಕ.