'ಇವನೇ ಸಾರ್!' ಅಂದವನ ತಪ್ಪೊಪ್ಪಿಗೆ

ನಮ್ಮ ಸಿನಿಮಾಗಳ ಕೋರ್ಟ್ ಸೀನು ನಿಮಗೆ ಗೊತ್ತೇ ಇದೆ. ಕಟಕಟೆಯಲ್ಲಿ ಸಾಕ್ಷಿ, ಎದುರಿಗೆ ಆರೋಪಿ. ಸಾಕ್ಷಿ ಬೆರಳು ಚಾಚಿ 'ಇವನೇ ಸ್ವಾಮಿ, ನಾನೇ ಕಣ್ಣಾರೆ ಕಂಡೆ!' ಅನ್ನುತ್ತಾನೆ. ಧಡ್ ಅಂತ ಮ್ಯೂಸಿಕ್ಕು... ಗಾಂಧಿ ಕ್ಲಾಸಿನಿಂದ ಶಿಳ್ಳೆ!

ಓದುಗರೇ, ನಾನೂ ಹಾಗೆ ಬೆರಳು ಚಾಚಿದವನೇ. ಶಿಳ್ಳೆ ಮಾತ್ರ ಬೀಳಲಿಲ್ಲ.

ಆರು ವರ್ಷದ ಹಿಂದಿನ ಮಾತು. ವಿಜಯನಗರದಲ್ಲಿ ಫಸ್ಟ್ ಶೋ ನೋಡಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ಬರುತ್ತಿದ್ದೆ. ಮುಂದೆ ಒಬ್ಬ ವಯಸ್ಸಾದ ತಾಯಿ, ಕೈಯಲ್ಲಿ ತರಕಾರಿ ಚೀಲ. ಬೈಕೊಂದು ಪಕ್ಕಕ್ಕೆ ಬಂತು. ಹಿಂದೆ ಕೂತವನು ಸರಕ್ಕೆ ಕೈ ಹಾಕಿ ಎಳೆದ, ಒಂದೇ ಒಂದು ಸಲ ಹಿಂತಿರುಗಿ ನೋಡಿದ, ಹೋದ! ಕಣ್ಣು ಮುಚ್ಚಿ ಬಿಡೋದರೊಳಗೆ ಎಲ್ಲ ಮುಗಿದಿತ್ತು. ಆ ತಾಯಿ ರಸ್ತೆಯಲ್ಲೇ ಕುಸಿದು ಕೂತರು. 'ನಾನು ನೋಡಿದೆ' ಅಂತ ಮುಂದೆ ಬಂದವನು ನಾನೊಬ್ಬನೇ.

ಎರಡು ದಿನ ಬಿಟ್ಟು ಠಾಣೆಯಿಂದ ಕರೆ ಬಂತು. ಯಾವ ಠಾಣೆ ಅನ್ನೋದು ಇಲ್ಲಿ ಬೇಡ. ದಫೇದಾರರು ಕೂರಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಒಂದೇ ಒಂದು.

'ನೋಡಪ್ಪಾ, ಇವನೇ ತಾನೆ?'

'ಇದ್ದರೂ ಇರಬಹುದು ಸಾರ್...'

'ಇರಬಹುದು ಗಿರಬಹುದು ಅಂದ್ರೆ ಕೇಸು ನಿಲ್ಲುತ್ತೇನಪ್ಪಾ? ಸರಿಯಾಗಿ ನೋಡು.'

ಟೀ ಬಂತು. ಸರಿಯಾಗಿ ನೋಡಿದೆ. 'ಇವನೇ ಸಾರ್' ಅಂದೆ.

'ಶಭಾಷ್!'

ಆಮೇಲೆ ಜೈಲಿನಲ್ಲಿ ಗುರುತು ಪರೇಡ್. ಸಾಲಾಗಿ ಏಳೆಂಟು ಜನ ನಿಂತಿದ್ದರು. ನಾನು ಸೀದಾ ಹೋಗಿ ಆ ಹುಡುಗನ ಭುಜ ಮುಟ್ಟಿದೆ. ಎರಡು ತಿಂಗಳ ಮೇಲೆ ಬೇರೆ ಇಬ್ಬರು ಸಿಕ್ಕಿಬಿದ್ದರು, ಸರವೂ ಸಿಕ್ಕಿತು. ನಾನು ಭುಜ ಮುಟ್ಟಿದ ಹುಡುಗ ಕಾಮಾಕ್ಷಿಪಾಳ್ಯದ ಒಂದು ಲೇತ್ ಶೆಡ್ಡಿನ ಕೆಲಸಗಾರ. ಕಳ್ಳತನಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಅವನು ಹೊರಗೆ ಬರೋ ಹೊತ್ತಿಗೆ ಶೆಡ್ಡಿನಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಿದ್ದ.

ನಾನು ಸುಳ್ಳು ಹೇಳಿದೆನಾ? ತಾಯಾಣೆಗೂ ಇಲ್ಲ ಕಣ್ರೀ. ವಿಚಿತ್ರ ಏನು ಗೊತ್ತಾ? ಅವನಲ್ಲ ಅಂತ ಗೊತ್ತಾದ ಮೇಲೂ, ಇವತ್ತಿಗೂ, ಆ ರಾತ್ರಿಯನ್ನು ನೆನೆಸಿಕೊಂಡರೆ ಬೈಕಿನ ಮೇಲಿಂದ ಹಿಂತಿರುಗಿ ನೋಡೋದು ಆ ಹುಡುಗನ ಮುಖವೇ. ಅಸಲಿ ಮುಖ ಅಳಿಸಿಹೋಗಿದೆ, ಮೊಬೈಲಿನ ಫೋಟೋ ಬಂದು ಆ ಜಾಗದಲ್ಲಿ ಕೂತಿದೆ.

ಇದು ಹೇಗಾಯಿತು ಅಂತ ತಿಳಿಯೋ ಹಟ ನನಗೆ. ಪಿಯುಸಿ ಅರ್ಧಕ್ಕೇ ಬಿಟ್ಟವನು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದುತ್ತಾ ಹೋದಂತೆ ಸಿಕ್ಕಿದವನು ಯಾರು ಅಂತೀರಿ? ಒಬ್ಬ ಸಿನಿಮಾ ಹುಚ್ಚ!

ಹೆಸರು ಹ್ಯೂಗೊ ಮುನ್‌ಸ್ಟರ್‌ಬರ್ಗ್. ಹುಟ್ಟಿದ್ದು ಜರ್ಮನರ ನಾಡಿನಲ್ಲಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. ಸಿನಿಮಾಕ್ಕೆ ಹೋಗೋದು ತನ್ನ ಘನತೆಗೆ ಕಡಿಮೆ ಅಂದುಕೊಂಡಿದ್ದ ಮನುಷ್ಯ, 1915ರಲ್ಲಿ ಒಂದು ಚಿತ್ರ ನೋಡಿ ಮರುಳಾಗಿ ಮರುವರ್ಷವೇ ಸಿನಿಮಾದ ಮೇಲೆ ಪುಸ್ತಕ ಬರೆದ. ಕ್ಲೋಸಪ್ ಅಂದರೆ ಮನಸ್ಸಿನ ಗಮನ, ಫ್ಲ್ಯಾಷ್‌ಬ್ಯಾಕ್ ಅಂದರೆ ನೆನಪು ಅಂತ ಅದರಲ್ಲಿ ವಿವರಿಸಿದ. ಆದರೆ ಇದೇ ಮನುಷ್ಯ 1908ರಲ್ಲೇ ಸಾಕ್ಷಿಕಟ್ಟೆಯ ಬಗ್ಗೆ ಇನ್ನೊಂದು ಪುಸ್ತಕ ಬರೆದಿದ್ದ. ನೆನಪನ್ನು ನಂಬಿ ಕೆಡಬೇಡಿ ಅನ್ನೋದು ಅದರ ಸಾರ. ತನ್ನದೇ ಮನೆಗೆ ಕನ್ನ ಬಿದ್ದಾಗ ಪ್ರಮಾಣ ಮಾಡಿ ಕೋರ್ಟಿನಲ್ಲಿ ಹೇಳಿದ ಸಾಕ್ಷ್ಯವೇ ತಪ್ಪಾಗಿತ್ತು ಅಂತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಕಳ್ಳರು ನೆಲಮಾಳಿಗೆಯ ಕಿಟಕಿಯಿಂದ ಬಂದರು ಅಂದಿದ್ದ, ಅವರು ಬಾಗಿಲನ್ನೇ ಮುರಿದಿದ್ದರು! ಹಾರ್ವರ್ಡ್ ಪ್ರೊಫೆಸರ್ ಗತಿಯೇ ಹೀಗಾದರೆ ನನ್ನ ಪಾಡೇನು, ಸ್ವಾಮಿ?

ವಕೀಲರು ಆಗ ಅವನನ್ನು ಗೇಲಿ ಮಾಡಿದರು. ಅವನ ಮಾತಿಗೆ ಗಟ್ಟಿ ಪುರಾವೆ ಸಿಗಲು ದಶಕಗಳೇ ಬೇಕಾದವು. ಅಲ್ಲೂ ಫಿಲ್ಮೇ ಬಂತು ನೋಡಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬಾಕೆ, ಜಾನ್ ಪಾಮರ್ ಜೊತೆ ಸೇರಿ, ಕಾಲೇಜು ಹುಡುಗರಿಗೆ ಕಾರುಗಳ ಅಪಘಾತದ ತುಣುಕು ತೋರಿಸಿದರು. ಕೆಲವರನ್ನು 'ಕಾರುಗಳು ಗುದ್ದಿದಾಗ ಸ್ಪೀಡು ಎಷ್ಟಿತ್ತು?' ಅಂತ ಕೇಳಿದರು. ಕೆಲವರಿಗೆ 'ಗುದ್ದಿದಾಗ' ತೆಗೆದು 'ಅಪ್ಪಳಿಸಿ ಪುಡಿಯಾದಾಗ' ಅಂತ ಹಾಕಿದರು. ಬದಲಾಗಿದ್ದು ಒಂದು ಶಬ್ದ ಅಷ್ಟೇ. ಒಂದು ವಾರ ಬಿಟ್ಟು 'ಒಡೆದ ಗಾಜು ನೋಡಿದಿರಾ?' ಅಂದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ! ಆದರೂ 'ಅಪ್ಪಳಿಸಿ' ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ 'ಹೌದು, ನೋಡಿದೆವು' ಅಂದರು. 'ಗುದ್ದಿದಾಗ' ಕೇಳಿದ 50ರಲ್ಲಿ ಹಾಗಂದವರು 7 ಮಂದಿ.

ನಮ್ಮ ಚಿತ್ರರಂಗದ ಭಾಷೆಯಲ್ಲಿ ಹೇಳೋದಾದರೆ ನೆನಪು ಡಬ್ಬಿಯಲ್ಲಿಟ್ಟ ರೀಲಲ್ಲ. ಪ್ರತಿ ಶೋಗೂ ಹೊಸದಾಗಿ ಎಡಿಟಿಂಗು, ಹೊಸದಾಗಿ ಡಬ್ಬಿಂಗು! ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಫೇದಾರರ 'ಶಭಾಷ್' ಇತ್ತಲ್ಲ, ಅದಕ್ಕೂ ಸಂಶೋಧನೆ ಇದೆ! 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಜೊತೆಗಾರರು ಜನರಿಗೆ ಅಂಗಡಿ ಕ್ಯಾಮೆರಾದ ದೃಶ್ಯ ತೋರಿಸಿ, ಅಪರಾಧಿಯೇ ಇಲ್ಲದ ಫೋಟೋಗಳನ್ನು ಮುಂದಿಟ್ಟರು. ಜನ ಯಾರನ್ನೋ ಆರಿಸಿದರು. 'ಭೇಷ್, ಸರಿಯಾಗಿ ಗುರುತಿಸಿದಿರಿ' ಅನ್ನಿಸಿಕೊಂಡವರು, ತಮಗೆ ಮೊದಲಿಂದಲೂ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು ಅಂತೆಲ್ಲ ಹೇಳತೊಡಗಿದರು. ನನ್ನದೇ ಕಥೆ!

ಅಮೆರಿಕದ ಜೆನಿಫರ್ ಥಾಮ್ಸನ್ ಕಥೆ ಇನ್ನೂ ಘೋರ. 1984ರಲ್ಲಿ ಅತ್ಯಾಚಾರಕ್ಕೆ ಒಳಗಾದ ಈ ವಿದ್ಯಾರ್ಥಿನಿ, ಆ ಸಂಕಟದಲ್ಲೂ ದುಷ್ಟನ ಮುಖವನ್ನು ಪಾಠದ ಹಾಗೆ ಮನನ ಮಾಡಿಕೊಂಡಿದ್ದಳು. ಫೋಟೋದಲ್ಲೂ ಸಾಲಿನಲ್ಲೂ ರೊನಾಲ್ಡ್ ಕಾಟನ್ ಎಂಬುವನನ್ನು ತೋರಿಸಿದಳು. 'ಫೋಟೋದಲ್ಲಿ ಆರಿಸಿದ್ದೂ ಇವನನ್ನೇ' ಅಂದರು ಪೊಲೀಸರು. ಮುಂದೆ ನಿಜವಾದ ಅಪರಾಧಿಯನ್ನು ಕೋರ್ಟಿನಲ್ಲಿ ಎದುರಿಗೇ ನಿಲ್ಲಿಸಿದಾಗ 'ಇವನನ್ನು ಕಂಡೇ ಇಲ್ಲ' ಅಂದಳು. ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು, 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದ. ಆ ದೇಶದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳೆಂದು ಸಾಬೀತಾದ ನೂರಾರು ಜನರಲ್ಲಿ ಹತ್ತಕ್ಕೆ ಸುಮಾರು ಏಳು ಜನರ ಕೇಸಿನಲ್ಲಿ ಕಣ್ಣಾರೆ ಕಂಡ ಸಾಕ್ಷಿಯ ತಪ್ಪಿತ್ತು.

ನಮ್ಮ ಬೆಂಗಳೂರಿಗೂ ಮನಶ್ಶಾಸ್ತ್ರಕ್ಕೂ ನಂಟಿಲ್ಲ ಅಂದುಕೊಳ್ಳಬೇಡಿ. ಒಂದು ಕಾಲಕ್ಕೆ ಮಡಿವಾಳದ ಲ್ಯಾಬು ದೇಶಕ್ಕೇ ಫೇಮಸ್. ನಾರ್ಕೋ, ಬ್ರೈನ್ ಮ್ಯಾಪಿಂಗ್! ಛಾಪಾ ಕಾಗದದ ತೆಲಗಿ ಮಂಪರಿನಲ್ಲಿ ತೊದಲೋದನ್ನು ಜನ ಟಿವಿಯಲ್ಲಿ ಸಿನಿಮಾ ಥರ ನೋಡಿದರು. ತಲೆಯೊಳಗಿನ ರೀಲು ಹೊರಗೆಳೆದುಬಿಡ್ತೀವಿ ಅನ್ನೋ ಉತ್ಸಾಹ. ರೀಲೇ ಇಲ್ಲದ ಮೇಲೆ ಎಳೆಯೋದೇನನ್ನ? ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ 2008ರಲ್ಲಿ, ಬ್ರೈನ್ ಮ್ಯಾಪಿಂಗ್‌ಗೆ ವೈಜ್ಞಾನಿಕ ಬುಡವಿಲ್ಲ ಅಂದಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಇವನ್ನು ಮಾಡಕೂಡದು ಅಂತ ತೀರ್ಪು ಕೊಟ್ಟಿತು. ನನಗನ್ನಿಸೋದು ಇಷ್ಟು: ಧಾಂ ಧೂಂ ಮಾಡುವ ಮನಶ್ಶಾಸ್ತ್ರಕ್ಕೆ ನಾವು ಓಡಿದೆವು, ಬೇಕಾಗಿದ್ದ ಬಡಪಾಯಿ ಮನಶ್ಶಾಸ್ತ್ರವನ್ನು ಬಿಟ್ಟೆವು. ಈ ಬಡಪಾಯಿಗೆ ಇಂಜೆಕ್ಷನ್ನೂ ಬೇಡ, ಮಿಷನ್ನೂ ಬೇಡ. ಒಂದೇ ಫೋಟೋ ತೋರಿಸಬೇಡಿ. 'ಕಳ್ಳ ಇದರಲ್ಲಿ ಇಲ್ಲದೇ ಇರಬಹುದು' ಅಂತ ಮೊದಲೇ ಹೇಳಿ. ತೋರಿಸುವವನಿಗೇ ಆರೋಪಿ ಯಾರಂತ ಗೊತ್ತಿರಬಾರದು. ಸಾಕ್ಷಿ ಎಷ್ಟು ಖಾತ್ರಿಯಿಂದ ಹೇಳಿದ ಅನ್ನೋದನ್ನು ಆ ಕ್ಷಣವೇ ಬರೆದುಕೊಳ್ಳಿ, ಶಭಾಷ್‌ಗಿರಿ ಆಮೇಲಿರಲಿ.

ನಮ್ಮ ಕಾನೂನೇನೂ ಪೆದ್ದಲ್ಲ. ಪರೇಡ್ ನಡೆಸೋದು ಮ್ಯಾಜಿಸ್ಟ್ರೇಟರು, ಪೊಲೀಸರು ದೂರ ಇರಬೇಕು. ಮೊದಲೇ ಮುಖ ತೋರಿಸಿದ್ದರೆ ಆ ಪರೇಡಿಗೆ ಬೆಲೆಯಿಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. 1872ರ ಸಾಕ್ಷ್ಯ ಕಾಯಿದೆ ಹೋಗಿ 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದಿದೆ. ಗುರುತಿನ ಕಲಂ 9 ಇದ್ದದ್ದು 7 ಆಗಿದೆ. ಮೊಬೈಲ್ ಮಾತ್ರ ದಫೇದಾರರ ಜೇಬಿನಲ್ಲೇ ಇದೆ! ನಾಗರಭಾವಿಯಲ್ಲಿ ಲಾ ಸ್ಕೂಲು, ಮಗ್ಗುಲಲ್ಲೇ ಜ್ಞಾನಭಾರತಿಯ ಮನಶ್ಶಾಸ್ತ್ರ ವಿಭಾಗ. ಅಲ್ಲಿಂದ ಒಂದು ಠಾಣೆಗೆ ಆಟೋದಲ್ಲಿ ಹತ್ತು ನಿಮಿಷ. ಪುಸ್ತಕದ ವಿದ್ಯೆ ಆ ಹತ್ತು ನಿಮಿಷದ ದಾರಿ ದಾಟೋದು ಯಾವಾಗ?

ಹೋದ ತಿಂಗಳು ರಾಜಾಜಿನಗರದ ನವರಂಗ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಗಡ್ಡ ನುಣ್ಣಗೆ ಬೋಳಿಸಿದ್ದ ಒಬ್ಬ ಬಂದು 'ಅಣ್ಣಾ, ಅವತ್ತು ಜೈಲಿಗೆ ಬಂದಿದ್ದೋರು ನೀವೇ ಅಲ್ವಾ?' ಅಂದ. ನನಗೆ ಗುರುತೇ ಸಿಗಲಿಲ್ಲ. ಅವನಿಗೆ ಸಿಕ್ಕಿತ್ತು!

ಏನು ಹೇಳಲಿ? 'ತಪ್ಪಾಯ್ತಪ್ಪ' ಅಂದೆ. ಅವನು ಏನೂ ಅನ್ನಲಿಲ್ಲ. ಪಕ್ಕದ ಅಂಗಡಿಗೆ ಕರಕೊಂಡು ಹೋಗಿ ಎರಡು ಟೀ ಹೇಳಿದ. ಈಗ ಪೀಣ್ಯದ ಕಡೆ ಕೆಲಸವಂತೆ. ಅರ್ಧ ಲೋಟ ಕುಡಿದ ಮೇಲೆ ಕೇಳಿದ:

'ಅವತ್ತು ಆ ಸಾಲಲ್ಲಿ ಗಡ್ಡ ಇದ್ದೋನು ನಾನೊಬ್ನೇ ಅಣ್ಣಾ. ನೀವು ನೋಡಲಿಲ್ವಾ?'

ನೋಡಿರಲಿಲ್ಲ. ಟೀ ಕಾಸು ಅವನೇ ಕೊಟ್ಟ.